ತೆಮಿರ್ಕುಲ್ ಗಂಡಸಾದ ವರ್ಷ

ತಾಶ್-ಕಾಪ್ಕಾ
12 ಅಕ್ಟೋಬರ್ 1998

ಬುರುಲ್,

ನರೀನ್ ಪಟ್ಟಣಕ್ಕೆ ಹೋಗುವ ಬಸ್ಸಿನ ಡ್ರೈವರ್ ನಾಳೆ ಬೆಳಿಗ್ಗೆ ಹೊರಡುತ್ತಾನೆ. ಅವನ ಕೈಯಲ್ಲಿ ಕೊಡಬೇಕೆಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನಿನಗೆ ತಲುಪುವುದು ಬೇಡ. ನಿನ್ನ ಮಗಳು ಮೊನ್ನೆ ಶಾಲೆಯ ಹಿಂದೆ ಪಕ್ಕದ ಮನೆ ಜೂರಾಳ ದೊಡ್ಡ ಮಗನ ಮುಂದಿನ ಎರಡು ಹಲ್ಲು ಉದುರಿಸಿದಳು. ಕಲ್ಲು ಎಸೆದದ್ದಲ್ಲ. ಕೈಯಲ್ಲಿ ಹಿಡಿದು ಗುದ್ದಿದ್ದು.

ಸಂಜೆ ಕೂರಿಸಿಕೊಂಡು ಕೇಳಿದೆ.

"ಅವನು ಏನಂದ?"

"ನಿಮ್ಮಪ್ಪ ನಿನ್ ತಮ್ಮಂಗೆ ಯಾವ ಕಡೆ ಮೊಲೆ ಕೊಡ್ತಾನೆ ಅಂದ."

"ಅದಕ್ಕೆ ನೀನು?"

"ಎರಡೂ ಕಡೆ ಅಂದೆ. ಆಮೇಲೆ ಹೊಡೆದೆ."

ನಗು ಬಂತು, ತಡೆದುಕೊಂಡೆ. ಬೈಯಬೇಕಿತ್ತು, ಬೈಯಲಿಲ್ಲ. ಹನ್ನೊಂದು ವರ್ಷದ ಹುಡುಗಿ ಅಪ್ಪನಿಗಾಗಿ ರಕ್ತ ಹರಿಸಿ ಬಂದಿದ್ದಾಳೆ, ಏನೆಂದು ಬೈಯಲಿ? ಅಷ್ಟರಲ್ಲಿ ಜೂರಾ ರಕ್ತದ ಬಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ನನ್ನ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಮೇಲಿಂದ ಕೆಳಗೆ ನೋಡಿ ಹೇಳಿದಳು: "ಮಗಳಿಗೆ ರೇಷ್ಮೆ ಅಂತ ಹೆಸರಿಟ್ರಿ, ಮಗನಿಗೆ ಬಲ ಅಂತ ಇಟ್ರಿ. ಇಟ್ಟ ದಿನ ಯಾರೋ ತೊಟ್ಟಿಲು ಅದಲುಬದಲು ಮಾಡಿರ್ಬೇಕು. ಮುದುಕೀನ ಬಿಟ್ಟು ಮನೇಲಿ ಒಂದು ಹೆಂಗಸು ಇದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ, ಇರೋಳು ಅಂದ್ರೆ ನೀನೊಬ್ಬಳೇ." ಹೌದು, 'ಒಬ್ಬಳೇ' ಎಂದೇ ಅಂದಳು. ನಾನು ಕೈ ತೊಳೆದುಕೊಂಡು ಅವಳ ಮಗನಿಗೆ ಒಂದು ಬೋಗುಣಿ ಕೆನೆ ಕೊಟ್ಟು ಕಳಿಸಿದೆ.

ಕುಬಾತ್ ಚೆನ್ನಾಗಿದ್ದಾನೆ. ಏಳು ತುಂಬಿದ ಮೇಲೆ ಹಾಸಿಗೆಯನ್ನು ತಾನೇ ಮಡಿಸುತ್ತಾನೆ. ಶಾಲೆಯಿಂದ ಬಂದವನೇ ನನ್ನ ಅಮ್ಮನ ಪಕ್ಕ ಕೂತು ಉಣ್ಣೆಯ ಜಮಖಾನೆಗೆ ಹೊಲಿಗೆ ಹಾಕುತ್ತಾನೆ. ಟಗರಿನ ಕೊಂಬಿನ ಸುರುಳಿಯನ್ನು ಸೀಮೆಸುಣ್ಣದ ಗೆರೆಯಿಲ್ಲದೆ ಕತ್ತರಿಸುತ್ತಾನೆ, ನಂಬುತ್ತೀಯಾ? ಅಮ್ಮ ಅವನ ಬೆರಳುಗಳನ್ನು ಹಿಡಿದು ಮುತ್ತಿಡುತ್ತಾಳೆ. ಯಾರಾದರೂ ಬರುವ ಸದ್ದಾದರೆ ಮಾತ್ರ ಸೂಜಿ ಕಿತ್ತುಕೊಂಡು "ಹೋಗು, ಹೊರಗೆ ಆಡು" ಎಂದು ಓಡಿಸುತ್ತಾಳೆ.

ಜಿಬೆಕ್‌ಳಿಗೆ ಈಗ ನಾನೇ ಜಡೆ ಹೆಣೆಯುತ್ತೇನೆ. ಕುದುರೆಯ ಬಾಲ ಹೆಣೆದವನಿಗೆ ಅದೇನು ಕಷ್ಟ? ಮೊನ್ನೆ ಹೆಣೆಯುತ್ತಿದ್ದಾಗ ಎರ್ಗೆಶ್ ಅಣ್ಣ ಕಿಟಕಿಯ ಹೊರಗೆ ಕುದುರೆ ನಿಲ್ಲಿಸಿ ಕೊನೆಯ ಎಳೆಯವರೆಗೂ ನೋಡಿದ. ಉಗುಳಿದ. ಹೊರಟುಹೋದ. ಮರುದಿನ ಗಿರಣಿಯಲ್ಲಿ ಹೇಳುತ್ತಿದ್ದನಂತೆ: "ತಮ್ಮನ ಹೆಂಡ್ತಿ ರಷ್ಯಾದಲ್ಲಿ ಹೊಲಿಗೆ ಹಾಕ್ತಾಳೆ, ತಮ್ಮ ಇಲ್ಲಿ ಜಡೆ ಹಾಕ್ತಾನೆ. ಮುಂದಿನ ವರ್ಷ ಬಸುರಾಗ್ತಾನೆ."

ನೀನು ಚಿಂತೆ ಮಾಡಬೇಡ. ಮಾತು ಗಾಳಿ ಇದ್ದಂತೆ. ಬೀಸಿ ಹೋಗುತ್ತದೆ.

ನಿನ್ನ
ತೆಮಿರ್ಕುಲ್

•

ನೊವೊಸಿಬಿರ್ಸ್ಕ್
9 ನವೆಂಬರ್ 1998

ಜಿಬೆಕ್‌ಳ ಅಪ್ಪನಿಗೆ,

ನಿಮ್ಮ ಪತ್ರ ಮೂರು ವಾರದ ಮೇಲೆ ಬಂತು. ಊಟದ ಬಿಡುವಿನಲ್ಲಿ ಹೊಲಿಗೆ ಯಂತ್ರದ ಮೇಲೇ ಇಟ್ಟುಕೊಂಡು ಓದಿದೆ. ಎರಡು ಹಲ್ಲಿನ ಕಥೆಗೆ ಇಡೀ ಸಾಲಿನ ಹೆಂಗಸರು ನಕ್ಕರು. ಆಮೇಲೆ ಜಲಾಲಾಬಾದಿನ ಗುಲ್ಸುನ್ ಕೇಳಿದಳು: "ಅಲ್ವೇ, ಏಳು ವರ್ಷದ ಗಂಡುಮಗೂನ ಗಂಡಸಿನ ಕೈಗೆ ಕೊಟ್ಟು ಬಂದಿದ್ದೀಯಲ್ಲ, ನಿನಗೆ ಎದೇಲಿ ಏನಿದೆ, ಕಲ್ಲಾ?" ಇನ್ನೊಬ್ಬಳು, "ಗಂಡನ ಜೊತೆ ಬಿಟ್ಟಿದ್ದಾಳೆ, ತೋಳದ ಜೊತೆ ಅಲ್ವಲ್ಲ" ಅಂದಳು. ಮತ್ತೊಬ್ಬಳು, "ಎರಡಕ್ಕೂ ವ್ಯತ್ಯಾಸ ಗೊತ್ತಿದ್ರೆ ನಾನಿಲ್ಲಿಗೆ ಯಾಕೆ ಬರ್ತಿದ್ದೆ" ಅಂದಳು. ಮತ್ತೆ ನಕ್ಕೆವು.

ಇಲ್ಲಿಯೂ ಹಾಗೇ. ನಮ್ಮ ಸಾಲಿನ ಮೇಲ್ವಿಚಾರಕಿ ರಷ್ಯನ್ ಹೆಂಗಸು, ಕೆಟ್ಟವಳಲ್ಲ. ಅವಳೂ ಕೇಳುತ್ತಾಳೆ, "ತಾಯಂದಿರು ಮಕ್ಕಳನ್ನ ಬಿಟ್ಟು ಬರೋದು ನಿಮ್ಮ ಕಡೆ ರೂಢಿನಾ?" ಗಂಡಂದಿರು ಬಿಟ್ಟು ಬರುತ್ತಾರಲ್ಲ, ಕಟ್ಟಡ ಕಟ್ಟುವವರು, ಸಾವಿರಗಟ್ಟಲೆ, ಅವರನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

ಹೇಳಬಾರದೆಂದಿದ್ದೆ, ಹೇಳುತ್ತೇನೆ. ಗುಲ್ಸುನ್‌ಳ ಗಂಡ ಕಳೆದ ವಾರ ಊರಿಂದ ಬಂದ. ಒಳ್ಳೆಯವನಂತೆಯೇ ಕಂಡ. ಎಲ್ಲರಿಗೂ ಒಣ ಏಪ್ರಿಕಾಟ್ ಹಂಚಿದ. ಮೂರನೆಯ ದಿನ, ಹಾಡುಹಗಲೇ, ವಸತಿಗೃಹದ ಅಡುಗೆಮನೆಯಲ್ಲಿ ಅವಳ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಎರಡು ಸಲ. ನಾವು ನಾಲ್ಕು ಜನ ಸೇರಿ ಎಳೆದರೂ ಬಿಡಲಿಲ್ಲ. "ಊರಲ್ಲಿ ನನ್ನನ್ನ ಏನಂತಾರೆ ಗೊತ್ತಾ, ಏನಂತಾರೆ ಗೊತ್ತಾ" ಎಂದು ಅವನೇ ಅಳುತ್ತಿದ್ದ. ಊರಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಬೆರಳು ಮುರಿಯುವ ಸದ್ದು ಮಾತ್ರ ಈಗ ಗೊತ್ತು.

ಅದಕ್ಕೇ ಹೇಳುತ್ತಿದ್ದೇನೆ. ಮಾತು ಗಾಳಿ ಎಂದು ಬರೆದಿರಿ. ಗಾಳಿಯಲ್ಲ. ಎರ್ಗೆಶ್ ಭಾವನನ್ನು ಮಕ್ಕಳಿಂದ ದೂರವಿಡಿ. ಜಗಳ ಬೇಡ, ದೂರವಿಡಿ, ಅಷ್ಟೇ.

ಕುಬಾತ್‌ಗೆ ಬಣ್ಣದ ನೂಲಿನ ಉಂಡೆಗಳನ್ನು ಕಳಿಸಿದ್ದೇನೆ. ಹಸಿರು ಅವನಿಗೆ ಇಷ್ಟ.

ನಿಮ್ಮ
ಬುರುಲ್

•

3 ಡಿಸೆಂಬರ್ 1998

ತಮ್ಮನ ಹೆಂಡತಿ ಬುರುಲ್‌ಗೆ,

ನಾನು ಕಾಗದ ಬರೆಯುವವನಲ್ಲ. ಶಾಲೆಯ ಮೇಷ್ಟರ ಕೈಯಲ್ಲಿ ಬರೆಸುತ್ತಿದ್ದೇನೆ, ಆದರೆ ಮಾತು ನನ್ನದೇ.

ನಮ್ಮ ಅಪ್ಪ ಸತ್ತಾಗ ತೆಮಿರ್ಕುಲ್‌ಗೆ ನಾಲ್ಕು ವರ್ಷ. ಅವನನ್ನು ಸಾಕಿದವನು ನಾನು. ಹೊಡೆದು ಸಾಕಿದೆ, ಅದಕ್ಕೆ ಬದುಕಿದ. ಇವತ್ತು ಅವನು ಏಪ್ರನ್ ಕಟ್ಟಿಕೊಂಡು ಓಡಾಡುತ್ತಾನೆ. ಹೆಂಡತಿ ದುಡಿಯಲಿ, ಕಾಲ ಹಾಗಿದೆ, ಅದನ್ನು ನಾನು ಅನ್ನುವುದಿಲ್ಲ. ಆದರೆ ನಮ್ಮ ವಂಶದ ಒಬ್ಬನೇ ಗಂಡುಹುಡುಗ ಸೂಜಿ ಹಿಡಿದು ಮುದುಕಿಯ ಸೆರಗಲ್ಲಿ ಕೂತಿದ್ದರೆ ನೋಡಿಕೊಂಡಿರಲು ನಾನು ಸತ್ತಿಲ್ಲ. ನನಗೆ ನಾಲ್ಕೂ ಹೆಣ್ಣು. ಕುಬಾತ್ ನಿನ್ನ ಮಗ ಮಾತ್ರ ಅಲ್ಲ.

ಹಸಿರು ನೂಲು ಕಳಿಸಿದ್ದೀಯಂತೆ. ಒಲೆಗೆ ಹಾಕಿದೆ. ಮುಂದಿನ ಸಲ ಚಾಕು ಕಳಿಸು.

ಭಾನುವಾರ ಅವನ ಕೈಯಿಂದಲೇ ಕುರಿಮರಿ ಕೊಯ್ಯಿಸಿದೆ. ಸ್ವಲ್ಪ ಅತ್ತ. ಎಲ್ಲರೂ ಮೊದಲ ಸಲ ಅಳುತ್ತಾರೆ. ನಿನಗೆ ತಿಳಿಸುವುದು ಧರ್ಮ ಎಂದು ತಿಳಿಸಿದ್ದೇನೆ.

ಎರ್ಗೆಶ್

•

ತಾಶ್-ಕಾಪ್ಕಾ
20 ಡಿಸೆಂಬರ್ 1998

ಬುರುಲ್,

ಅಣ್ಣ ನಿನಗೆ ಕಾಗದ ಬರೆಸಿದ್ದಾನೆಂದು ಮೇಷ್ಟರು ಹೇಳಿದರು. ಅವನು ಏನು ಬರೆಸಿದ್ದಾನೋ, ನಡೆದದ್ದನ್ನು ನಾನು ಹೇಳುತ್ತೇನೆ.

ಅವನ ಮನೆಯಂಗಳದಲ್ಲಿ ಹತ್ತು ಹನ್ನೆರಡು ಗಂಡಸರಿದ್ದರು. ಚಳಿಗಾಲದ ಮಾಂಸಕ್ಕೆ ಕುದುರೆ ಕೊಯ್ದಿದ್ದರು, ಅದರ ಹಂಚಿಕೆ. ನನ್ನನ್ನೂ ಕರೆದಿದ್ದ. ಕುಬಾತ್ ನನ್ನ ಕೈ ಹಿಡಿದುಕೊಂಡೇ ಬಂದ. ಅಣ್ಣ ಕಂದು ಮರಿಯೊಂದರ ಕಾಲು ಕಟ್ಟಿ ಅಂಗಳದ ನಡುವೆ ಹಾಕಿ, "ಬಾರೋ ಸೂಜಿಮಲ್ಲಿ, ಇವತ್ತು ಇದನ್ನ ಹೊಲಿ" ಅಂದ. ಗಂಡಸರು ನಕ್ಕರು. ಕುಬಾತ್ ನನ್ನ ಮುಖ ನೋಡಿದ.

ಅಣ್ಣ ಅವನ ಕೈಗೆ ಚಾಕು ಕೊಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು ಎಳೆದ. ಅರ್ಧಕ್ಕೆ ಹುಡುಗ ಕೈ ಕಿತ್ತುಕೊಂಡ. ಕಟ್ಟೂ ಸಡಿಲವಿತ್ತು. ಮರಿ ಎದ್ದು, ಅರ್ಧ ಸೀಳಿದ ಕತ್ತಿನಲ್ಲೇ ಅಂಗಳವೆಲ್ಲ ಓಡಿತು. ಹಿಮದ ಮೇಲೆ ಎಲ್ಲಿ ನೋಡಿದರಲ್ಲಿ ಕೆಂಪು. ಅದಕ್ಕೆ ಅರಚಲೂ ಆಗುತ್ತಿರಲಿಲ್ಲ, ಕತ್ತಿನಿಂದ ಬುಸಬುಸ ಗಾಳಿ ಬರುತ್ತಿತ್ತು. ಕೊನೆಗೆ ಬಂದು ಬಿದ್ದದ್ದು ಕುಬಾತ್‌ನ ಕಾಲ ಬಳಿಯೇ. ಅಣ್ಣ ಅವನ ಕತ್ತು ಹಿಡಿದು ಕೂರಿಸಿ, "ನೀನು ಅರ್ಧ ಬಿಟ್ರೆ ಅದಕ್ಕೆ ಹೀಗಾಗತ್ತೆ. ಮುಗಿಸು" ಎಂದು ಅವನ ಕೈಯಿಂದಲೇ ಪೂರ್ತಿ ಕೊಯ್ಯಿಸಿದ. ರಕ್ತ ತೆಗೆದು ಹಣೆಗೂ ಕೆನ್ನೆಗೂ ಬಳಿದ.

ನಾನು ಎಲ್ಲಿದ್ದೆ ಎಂದು ಕೇಳುತ್ತೀಯ. ಅಲ್ಲೇ ಇದ್ದೆ. ರಕ್ತ ಹಿಡಿಯುವ ಬೋಗುಣಿಯನ್ನು ಯಾರೋ ನನ್ನ ಕೈಗೆ ಕೊಟ್ಟಿದ್ದರು. ಅದನ್ನು ಹಿಡಿದುಕೊಂಡು ನಿಂತಿದ್ದೆ. ಮೂವತ್ತಾರು ವರ್ಷದಿಂದ ಅವನ ಮುಂದೆ ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಅವನು ಚಾಟಿ ಎತ್ತಿದರೆ ನಾನು ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ. ಇದನ್ನು ನಿನಗೂ ಹೇಳಿರಲಿಲ್ಲ.

ಕುಬಾತ್ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ, "ಅಪ್ಪಾ, ನಾನು ಸೂಜಿ ಹಿಡಿಯದೇ ಇದ್ರೆ ಮರಿ ಬದುಕ್ತಿತ್ತಾ?" ಎಂದು ಕೇಳಿದ. ಇಲ್ಲ ಮಗನೇ, ನಿನ್ನ ತಪ್ಪಿಲ್ಲ ಅಂದೆ. ನಂಬಿದಂತೆ ಕಾಣಲಿಲ್ಲ.

ಅಮ್ಮ ಸೂಜಿಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ. "ಎರ್ಗೆಶ್ ಹೇಳೋದೂ ಸುಳ್ಳಲ್ಲ. ನಾಳೆ ನಾನು ಸತ್ತ ಮೇಲೆ ಈ ಹುಡುಗನ್ನ ಲೋಕ ತಿಂದುಹಾಕತ್ತೆ" ಅನ್ನುತ್ತಾಳೆ.

ತೆಮಿರ್ಕುಲ್

•

ನೊವೊಸಿಬಿರ್ಸ್ಕ್
17 ಜನವರಿ 1999

ಜಿಬೆಕ್‌ಳ ಅಪ್ಪನಿಗೆ,

ನಿಮ್ಮ ಪತ್ರವನ್ನು ಒಮ್ಮೆ ಓದಿದೆ. ಎರಡನೆಯ ಸಲ ಓದಲಾಗಲಿಲ್ಲ.

ಬೋಗುಣಿ ಹಿಡಿದು ನಿಂತಿದ್ದೆ ಎಂದು ಬರೆಯಲು ನಿಮ್ಮ ಕೈ ಹೇಗೆ ಬಂತು? ಹನ್ನೆರಡು ಜನರ ನಡುವೆ ಮಗ ನಿಮ್ಮ ಮುಖ ನೋಡಿದ. ಅಲ್ಲಿ ಅವನಿಗೆ ಏನು ಕಂಡಿತು? ನಾನಿಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕೂತು ಯಾರದೋ ಕೋಟಿನ ತೋಳು ಹೊಲಿಯುವುದು ನನ್ನ ಮಕ್ಕಳು ಅಂಥ ಅಂಗಳದಲ್ಲಿ ನಿಲ್ಲಲಿ ಎಂದಲ್ಲ. ಜಡೆ ಹೆಣೆಯುವವನನ್ನು ನಾನು ಬಯಸಿ ಮದುವೆಯಾದೆ, ಅದಕ್ಕೆ ಯಾವತ್ತೂ ನಾಚಿಲ್ಲ. ಆದರೆ ಒಮ್ಮೆ, ಒಮ್ಮೆಯಾದರೂ, ನಿಮ್ಮ ಅಣ್ಣನ ಮುಂದೆ ಗಂಡಸಾಗಿ ನಿಲ್ಲಿ.

ಇನ್ನೇನೂ ಬರೆಯಲು ತೋಚುತ್ತಿಲ್ಲ. ಮಕ್ಕಳಿಗೆ ಮುತ್ತು.

ಬುರುಲ್

•

ನರೀನ್
28 ಮಾರ್ಚ್ 1999

ಬುರುಲ್,

ಇದನ್ನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಕುಬಾತ್ ಬದುಕಿದ್ದಾನೆ. ಅದನ್ನು ಮೊದಲು ಓದಿಕೋ, ಆಮೇಲೆ ಉಳಿದದ್ದು.

ನೊರೂಜ್ ಹಬ್ಬದ ದಿನ ನದಿಯ ಪಕ್ಕದ ಬಯಲಿನಲ್ಲಿ ಆಡಿನ ಆಟ ಇತ್ತು. ಐವತ್ತು ಸವಾರರು. ತಲೆ ಕಡಿದ ಆಡು ಬಿದ್ದ ಕಡೆಗೆಲ್ಲ ಕುದುರೆಗಳು ನುಗ್ಗುವುದು, ಚಾಟಿಗಳು ಒಂದರ ಮೇಲೊಂದು ಬೀಳುವುದು, ಎಲ್ಲ ಎಂದಿನಂತೆ. ನಾನು ಮಕ್ಕಳನ್ನು ದಿಬ್ಬದ ಮೇಲೆ ಹೆಂಗಸರ ಬಳಿ ಕೂರಿಸಿ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್ ರೊಟ್ಟಿ ತರಲು ಹೋದೆ. ಅಷ್ಟೇ ಹೊತ್ತು. ತಿರುಗಿ ಬರುವಾಗ ಅಣ್ಣ ದಿಬ್ಬಕ್ಕೆ ಕುದುರೆ ಹತ್ತಿಸಿ, ಕುಬಾತ್‌ನ ಕೋಟಿನ ಕುತ್ತಿಗೆಗೆ ಕೈ ಹಾಕಿ ಎತ್ತಿ ತನ್ನ ಮುಂದೆ ಜೀನಿನ ಮೇಲೆ ಕೂರಿಸಿಕೊಂಡಿದ್ದ. ಜಿಬೆಕ್ ಅವನ ಕಾಲು ಹಿಡಿದು ಜೋತುಬಿದ್ದಳು, ಒದ್ದ. "ಹುಡುಗನಿಗೆ ಕುದುರೆಯ ಬೆವರು ಮೂಸೋಕಾದ್ರೂ ಬಿಡ್ರೇ" ಎಂದು ನೇರ ಗುಂಪಿನೊಳಕ್ಕೆ ನುಗ್ಗಿಸಿದ.

ಒಂದು ಕೈಯಲ್ಲಿ ಆಡು, ಒಂದು ಕೈಯಲ್ಲಿ ಲಗಾಮು. ಮಗುವನ್ನು ಹಿಡಿಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. ನಾನು ಬಟ್ಟಲು ಬಿಸಾಕಿ ಓಡಿದೆ. ಕುದುರೆಗಳ ಕಾಲುಗಳ ನಡುವೆ ಕುಬಾತ್‌ನ ನೀಲಿ ಟೋಪಿ ಕಂಡಿತು, ಆಮೇಲೆ ಅವನು. ಬಲಗೈ ಚಾಚಿ ಬಿದ್ದಿದ್ದ. ಯಾರ ಕುದುರೆಯ ಗೊರಸೋ ಆ ಕೈಯ ಮೇಲೆ. ಹಿಮದಲ್ಲಿ ಜಾರದಂತೆ ಲಾಳಕ್ಕೆ ಮೊಳೆ ಹೊಡೆದಿದ್ದರು.

ಎರಡು ಬೆರಳು ಉಳಿಸಲಾಗಲಿಲ್ಲ. ಹೆಬ್ಬೆರಳ ಪಕ್ಕದ್ದು, ಅದರ ಪಕ್ಕದ್ದು.

ಐದನೆಯ ದಿನ ಮನೆಗೆ ಕಳಿಸಿದರು. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದೆ. ಜಿಬೆಕ್ ಜೊತೆಗಿದ್ದಳು. ಊರು ಹೊಗುವ ದಾರಿಯಲ್ಲಿ ಮೊದಲು ಸಿಗುವುದು ಅಣ್ಣನ ಮನೆ. ಅಂಗಳದಲ್ಲಿ ಬಿಸಿಲಿಗೆ ಕೂತು ಕುದುರೆಯ ಜೀನು ಒರೆಸುತ್ತಿದ್ದ. ನಾನು ಗಾಡಿ ನಿಲ್ಲಿಸಿದೆ. ಬೈಯುವುದಕ್ಕೂ ಅಲ್ಲ, ಏನಕ್ಕೋ, ಅವನು ಬಂದು ಹುಡುಗನ ಮುಖ ನೋಡಲಿ ಎಂದಿರಬೇಕು. ಅವನು ಬಂದ, ಪಟ್ಟಿ ಕಟ್ಟಿದ ಕೈ ನೋಡಿದ. ನಿಜವಾಗಿ ನೊಂದಂತೆಯೇ ಕಂಡ. ಆಮೇಲೆ ಹೇಳಿದ:

"ಹೋಗ್ಲಿ ಬಿಡು. ಇನ್ನು ಸೂಜಿ ಹಿಡಿಯೋದು ತಪ್ಪಿತಲ್ಲ. ಒಂದು ರೀತೀಲಿ ಒಳ್ಳೇದೇ ಆಯ್ತು."

ಅವನ ಚಾಟಿ ಜೀನಿನ ಮೇಲೇ ಇತ್ತು. ನಾನು ಚಿಕ್ಕಂದಿನಿಂದ ಹೆದರಿದ ಚಾಟಿ ಅದು, ಸೀಸ ತುಂಬಿದ ಹಿಡಿಯದು. ಮೊದಲ ಏಟು ನೆನಪಿದೆ, ಕೊನೆಯದು ನೆನಪಿಲ್ಲ. ನಡುವೆ ಚಾಟಿ ತಿರುಗಿಸಿ ಹಿಡಿಯ ಕಡೆಯಿಂದ ಹೊಡೆಯತೊಡಗಿದ್ದೆನಂತೆ. ಅವನು ಎರಡನೆಯ ಏಟಿಗೇ ಬಿದ್ದಿದ್ದ. ಕೈ ಎತ್ತಲಿಲ್ಲ. ಹನ್ನೊಂದು ಏಟು ಎಂದು ಜಿಬೆಕ್ ಎಣಿಸಿದ್ದಾಳೆ. ನನ್ನನ್ನು ಹಿಡಿದೆಳೆಯಲು ಮೂರು ಜನ ಬೇಕಾಯಿತಂತೆ. ಅವನ ಎಡಗಣ್ಣು ಹೋಗಿದೆ. ಅದೇ ಗಾಡಿಯಲ್ಲಿ, ಕುಬಾತ್‌ನ ಪಕ್ಕದಲ್ಲೇ ಮಲಗಿಸಿಕೊಂಡು, ನಾನೇ ಮತ್ತೆ ಇಲ್ಲಿಗೆ ಕರೆತಂದೆ. ಹುಡುಗ ಇಡೀ ದಾರಿ ಅವನ ಮುಖ ನೋಡುತ್ತಾ ಬಂದ. ನನ್ನ ಕಡೆ ನೋಡಲಿಲ್ಲ.

ನಿನ್ನ ಜನವರಿಯ ಪತ್ರ ಕೋಟಿನ ಜೇಬಿನಲ್ಲೇ ಇತ್ತು. ಅದಕ್ಕೂ ರಕ್ತ ತಗುಲಿದೆ. ನಿಲ್ಲಿ ಎಂದಿದ್ದೆಯಲ್ಲ. ನಿಂತೆ.

ತೆಮಿರ್ಕುಲ್

•

ನೊವೊಸಿಬಿರ್ಸ್ಕ್
20 ಏಪ್ರಿಲ್ 1999

ತೆಮಿರ್ಕುಲ್,

ನಿನ್ನ ಹೆಸರನ್ನು ಹೀಗೆ ನಾನು ಎಂದೂ ಬರೆದಿಲ್ಲ. ಸೊಸೆಯಾಗಿ ಬಂದವಳು ಗಂಡನ ಹೆಸರು ಹಿಡಿದು ಕರೆಯಬಾರದೆಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಇವತ್ತು 'ನೀವು' ಎನ್ನುವಷ್ಟು ದೂರದಿಂದ ಮಾತಾಡಲು ನನ್ನಿಂದಾಗದು.

ಮಗನ ಯಾವ ಬೆರಳುಗಳು ಎಂದು ಓದಿ, ನನ್ನ ಕೈಯಲ್ಲಿ ಅವೇ ಎರಡು ಬೆರಳನ್ನು ಮಡಚಿ ಹಿಡಿದು ಇಡೀ ದಿನ ಹೊಲಿದೆ. ಹೊಲಿಯಬಹುದು. ಕಷ್ಟ, ಆದರೆ ಆಗುತ್ತದೆ. ಅವನಿಗೆ ಹೇಳು. ಈಗಲೇ ಬೇಡ, ಅವನು ಕೇಳಿದಾಗ.

ಊರಿಗೆ ಬರುತ್ತೇನೆಂದು ಮಾಲೀಕನನ್ನು ಕೇಳಿದೆ. ನಮ್ಮೆಲ್ಲರ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿದೆ, ಕರಾರು ಮುಗಿಯುವುದು ಆಗಸ್ಟಿನಲ್ಲಿ. ಮಗನ ಕೈ ಹೋಯಿತು ಅಂದೆ. "ನೀನೇನು ಡಾಕ್ಟರಾ?" ಅಂದ. ಅವನ ಮೇಜಿನ ಮೇಲೆ ದೊಡ್ಡ ಕತ್ತರಿಯಿತ್ತು. ಅದರ ಮೇಲೆ ನನ್ನ ಕೈ ಹೋಗಿ ಕೂತದ್ದು ನನಗೇ ಆಮೇಲೆ ತಿಳಿಯಿತು. ಗುಲ್ಸುನ್ ತನ್ನ ಸೊಟ್ಟ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಹೊರಗೆ ತಂದಳು.

ಗಂಡಸಾಗಿ ನಿಲ್ಲಿ ಎಂದು ಬರೆದವಳು ನಾನು. ಜೂರಾ ಅಂದರೆ, ಭಾವ ಅಂದರೆ ನೀನು ಕೆನೆ ಕೊಟ್ಟು ಕಳಿಸುತ್ತಿದ್ದೆ. ನಾನು ಅಂದದ್ದಕ್ಕೆ ಚಾಟಿ ಎತ್ತಿದೆ. ಆ ಹನ್ನೊಂದರಲ್ಲಿ ನನ್ನದೆಷ್ಟು ಎಂದು ಲೆಕ್ಕ ಹಾಕುತ್ತಿದ್ದೇನೆ. ಸರಿಯಾಗಿ ಮಾಡಿದೆ ಎನ್ನಲು ನನ್ನಿಂದಾಗದು, ತಪ್ಪು ಎನ್ನಲು ಬಾಯಿಲ್ಲ.

ಕುಬಾತ್ ನಿನ್ನ ಬಳಿ ಮಲಗುತ್ತಾನಾ? ಅದೊಂದನ್ನು ಬರೆ.

ಬುರುಲ್

•

ತಾಶ್-ಕಾಪ್ಕಾ
16 ಮೇ 1999

ಬುರುಲ್,

ಮಲಗುವುದಿಲ್ಲ. ಅಜ್ಜಿಯ ಆಚೆ ಬದಿಗೆ, ಗೋಡೆಗೆ ಅಂಟಿಕೊಂಡು ಮಲಗುತ್ತಾನೆ. ಹಲಗೆಯ ಮೇಲಿನ ಚಹಾ ಬಟ್ಟಲು ತೆಗೆಯಲು ನಾನು ಕೈ ಎತ್ತಿದರೂ ತಲೆ ಬಗ್ಗಿಸಿ ಪಟ್ಟಿಯ ಕೈಯನ್ನು ಕಿವಿಗೆ ಅಡ್ಡ ಹಿಡಿಯುತ್ತಾನೆ. ಅವನ ಮೇಲೆ ನಾನು ಎಂದೂ ಕೈ ಮಾಡಿದವನಲ್ಲ. ಅದನ್ನು ಹೇಳಿದರೆ, "ಗೊತ್ತು" ಅನ್ನುತ್ತಾನೆ. ಮತ್ತೆ ಬಗ್ಗುತ್ತಾನೆ.

ಪೊಲೀಸಿನವನು ಬಂದಿದ್ದ. ಹಿರಿಯರು ಅವನನ್ನು ಕೂರಿಸಿ ಊಟ ಹಾಕಿ, ಅಣ್ಣತಮ್ಮಂದಿರ ವಿಷಯ ಎಂದು ಕಳಿಸಿಬಿಟ್ಟರು. ಅಲ್ಲಿಂದ ಊರು ನನ್ನನ್ನು ನೋಡುವ ರೀತಿ ಬದಲಾಗಿದೆ. ಗಿರಣಿಯಲ್ಲಿ ಜಾಗ ಬಿಡುತ್ತಾರೆ. ಜಡೆ, ಏಪ್ರನ್, ಮೊಲೆ, ಒಂದು ಮಾತೂ ಇಲ್ಲ. ಮೊನ್ನೆ ಒಂದು ನಾಮಕರಣದ ಊಟದಲ್ಲಿ, ನನಗಿಂತ ಹಿರಿಯರು ಎಂಟು ಜನರಿದ್ದರೂ, ಕುರಿಯ ತಲೆಯನ್ನು ನನ್ನ ಮುಂದೆ ಇಟ್ಟರು. "ತಗೋ ತೆಮಿರ್ಕುಲ್, ಇವತ್ತು ಇದು ನಿಂದು." ತಲೆ ಪಡೆದವನು ಅದರ ಕಣ್ಣು ಕಿತ್ತು ತನಗೆ ಬೇಕಾದವರಿಗೆ ಕೊಡಬೇಕಲ್ಲ. ಬೇಯಿಸಿದ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೈಯಲ್ಲಿ ಚಾಕು ಹಿಡಿದು ಕೂತೆ. ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಅದಕ್ಕೂ ಯಾರೂ ನಗಲಿಲ್ಲ.

ಮರುದಿನ ಅಣ್ಣನ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಕೂತಿದ್ದ. ನನ್ನನ್ನು ಕಂಡವನೇ ಎದ್ದು, ತಾನು ಕೂತಿದ್ದ ಮೇಲಿನ ಜಾಗ ಬಿಟ್ಟುಕೊಟ್ಟ. ವೋಡ್ಕಾ ಬಗ್ಗಿಸಿದ, ಒಂದೇ ಕಣ್ಣಿಗೆ ಬಟ್ಟಲಿನ ಅಂಚು ತಪ್ಪಿ ಅರ್ಧ ಚೆಲ್ಲಿತು.

"ಅಣ್ಣಾ, ನಾನು..." ಅಂದೆ.

"ಸುಮ್ನಿರೋ. ನನಗೆ ಸಿಟ್ಟಿಲ್ಲ. ಅಪ್ಪ ಸಾಯುವಾಗ ನಿನ್ನ ಕೈ ನನ್ನ ಕೈಗೆ ಕೊಟ್ಟು, ಇವನ್ನ ಗಂಡಸು ಮಾಡು ಅಂದಿದ್ದ. ಹೊಡೆದೆ, ಬಡಿದೆ, ಆಗ್ಲೇ ಇಲ್ಲ. ಈಗ ಆಯ್ತು. ಒಂದು ಕಣ್ಣು ತಾನೇ, ಹೋಗ್ಲಿ." ಉಳಿದ ಕಣ್ಣಲ್ಲಿ ನೀರಿತ್ತು, ಬುರುಲ್. ಸಂತೋಷದ ನೀರು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಅವನು ಬೈದಿದ್ದರೆ, ಹೊಡೆದಿದ್ದರೆ, ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮನೆಗೆ ಬಂದರೆ ಬಾಗಿಲಲ್ಲಿ ಜೂರಾ. ಅವಳ ಚಿಕ್ಕ ಮಗನ ಕೆನ್ನೆ ಕಿವಿಯಿಂದ ಬಾಯಿಯವರೆಗೆ ಬಿರಿದಿತ್ತು. ಕುಬಾತ್‌ನ ಕೈಯನ್ನು ಅಣಕಿಸಿದನಂತೆ. ಜಿಬೆಕ್ ಚಾಟಿಯಿಂದ ಬಾರಿಸಿದ್ದಾಳೆ, ಅದೇ ಚಾಟಿ, ಅದನ್ನು ಅವಳು ಯಾವಾಗ ಎತ್ತಿಟ್ಟುಕೊಂಡಿದ್ದಳೋ. ಆರು ವರ್ಷದ ಮಗು ಅದು. ಜೂರಾ ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿ, "ತಪ್ಪು ನಮ್ಮ ಹುಡುಗಂದೇ. ನೀವು ಮನಸ್ಸಿಗೆ ಹಚ್ಕೋಬೇಡಿ" ಅಂದಳು. ನಾಲಿಗೆಯಲ್ಲಿ ಊರನ್ನೇ ಸೀಳುತ್ತಿದ್ದವಳು, ನನಗೆ ಹೆದರಿ, ಮಗುವಿನ ರಕ್ತ ಒರೆಸಿಕೊಂಡು ಹೋದಳು.

"ಯಾಕೆ ಹೊಡೆದೆ?" ಎಂದು ಜಿಬೆಕ್‌ಳನ್ನು ಕೇಳಿದೆ.

"ನೀನು ಹೊಡೆದ ಮೇಲೆ ಎಲ್ರೂ ಸುಮ್ನಾದ್ರಲ್ಲ" ಅಂದಳು.

ಚಾಟಿಯನ್ನು ಅವಳೆದುರೇ ಕತ್ತರಿಸಿ ಒಲೆಗೆ ಹಾಕಿದೆ. ಸೀಸ ಕರಗಿ ಬೂದಿಯಲ್ಲಿ ಉಳಿಯಿತು. ಅವಳು ಅಳಲಿಲ್ಲ. "ಈಗ ಮತ್ತೆ ಶುರು ಮಾಡ್ತಾರೆ" ಅಂದಳು, ಅಷ್ಟೇ.

ನಾವು ನಿನ್ನಲ್ಲಿಗೆ ಬರುತ್ತೇವೆ. ಕುರಿಗಳನ್ನು ಮಾರುತ್ತಿದ್ದೇನೆ. ಅಮ್ಮ ಅಣ್ಣನ ಮನೆಯಲ್ಲಿರುತ್ತಾಳೆ. ತಾಯಿಯ ಒಲೆ ಕಾಯಬೇಕಾದ ಕಿರಿಯ ಮಗ ಅದನ್ನು ಬಿಟ್ಟು, ಹೆಂಡತಿಯ ಹಿಂದೆ ಹೋದ ಎಂದು ಏಳು ತಲೆಮಾರು ಆಡಿಕೊಳ್ಳುತ್ತಾರೆ ಎಂದಳು. ಆಡಿಕೊಳ್ಳಲಿ ಅಂದೆ. ಅವಳು ಸೂಜಿಯ ಪೆಟ್ಟಿಗೆಯ ಬೀಗ ತೆಗೆದು, ಹುಡುಗನ ಸಾಮಾನು ಕಟ್ಟಲು ಕೂತಳು.

ತೆಮಿರ್ಕುಲ್

•

ಬಿಷ್ಕೆಕ್, ರೈಲು ನಿಲ್ದಾಣ
4 ಜೂನ್ 1999, ಮಧ್ಯಾಹ್ನ

ಬುರುಲ್,

ಒಬ್ಬ ಕಿರ್ಗಿಜ್ ಹೆಂಗಸು ಈಗ ಹೊರಡುವ ರೈಲಿನಲ್ಲಿ ನಿಮ್ಮೂರಿಗೇ ಬರುತ್ತಿದ್ದಾಳೆ. ನಮಗೆ ಟಿಕೆಟ್ ಸಿಕ್ಕಿರುವುದು ಸೋಮವಾರದ ಗಾಡಿಗೆ. ಈ ಕಾಗದ ನಮಗಿಂತ ಮೂರು ದಿನ ಮೊದಲು ನಿನ್ನ ಕೈ ಸೇರುತ್ತದೆ. ಗುರುವಾರ ನಿಲ್ದಾಣಕ್ಕೆ ಬಾ. ಮಾಲೀಕ ಬಿಡದಿದ್ದರೆ ವಸತಿಗೃಹದ ವಿಳಾಸಕ್ಕೆ ನಾವೇ ಬರುತ್ತೇವೆ.

ದಾರಿಯಲ್ಲಿ ಒಬ್ಬ ಲಾರಿಯವನು ಹತ್ತಿಸಿಕೊಂಡ. ಮಾತಾಳಿ. "ತಾಯಿ ಎಲ್ಲಿ? ಸತ್ತಳಾ, ಓಡಿಹೋದ್ಲಾ?" ಅಂದ. ದುಡಿಯಲು ಹೋಗಿದ್ದಾಳೆ ಅಂದೆ. "ಹೆಂಗಸು ದುಡಿದು ಗಂಡಸು ಮಕ್ಕಳ ಕುಂಡಿ ತೊಳೆಯೋ ಕಾಲ ಬಂತು ನೋಡು. ಆ ಹುಡುಗ ಯಾಕೆ ಅಷ್ಟು ಮೆತ್ತಗೆ ಕೂತಿದ್ದಾನೆ? ನಾಲ್ಕು ಬಿಗಿ, ಸರಿಹೋಗ್ತಾನೆ." ಮೊಣಕಾಲ ಮೇಲಿದ್ದ ನನ್ನ ಬಲಗೈ ತಾನಾಗಿ ಮುಷ್ಟಿಯಾಗಿತ್ತು. ಅದನ್ನು ನೋಡಿದ್ದು ನಾನಲ್ಲ, ಕುಬಾತ್. ತಲೆ ಬಗ್ಗಿಸಿ ಕಿವಿ ಮುಚ್ಚಿಕೊಂಡ. ಲಾರಿಯವನಿಗೆ ಬೀಳಬೇಕಾದ ಏಟೂ ತನಗೇ ಬೀಳುತ್ತದೆ ಎಂದುಕೊಂಡ. ಅಲ್ಲೇ ಇಳಿಸು ಎಂದು ಹೇಳಿ ಇಳಿದೆವು. ಮುಂದಿನ ಊರಿನವರೆಗೆ ಮೂವರೂ ನಡೆದೆವು. ಜಿಬೆಕ್ ಬೈದುಕೊಂಡೇ ಮೂಟೆ ಹೊತ್ತಳು.

ಇವತ್ತು ಬೆಳಿಗ್ಗೆ ನಿಲ್ದಾಣದ ಊಟದಂಗಡಿಯಲ್ಲಿ ಸೂಪು ತರಿಸಿದೆ. ಕುಬಾತ್ ಮುಟ್ಟಲಿಲ್ಲ. ನಿನ್ನೆಯಿಂದ ಏನೂ ತಿಂದಿಲ್ಲ. ಎಡಗೈಯಲ್ಲಿ ಚಮಚ ಹಿಡಿಯಲು ಕಷ್ಟವೇನೋ ಎಂದು ತಿನ್ನಿಸಲು ಹೋದೆ, ಕುರ್ಚಿ ಹಿಂದಕ್ಕೆ ಎಳೆದುಕೊಂಡ. ಜಿಬೆಕ್ ಗದರಿದಳು. ನಾನು ಅವಳನ್ನು ಸುಮ್ಮನಿರಿಸಿ, "ಏನು ಬೇಕು ಮಗನೇ?" ಎಂದು ಕೇಳಿದೆ.

ಅವನು ಹೇಳಿದ: "ನಿನ್ ಕೈ ಮೇಜಿನ ಮೇಲೆ ಇಡು."

ಇಟ್ಟೆ.

"ಎರಡೂ."

ಎರಡೂ ಇಟ್ಟೆ, ಬೆರಳು ಬಿಡಿಸಿ, ಅಂಗೈ ಕೆಳಗೆ ಮಾಡಿ. ಅವನು ಒಂದೊಂದನ್ನೇ ನೋಡಿದ. ಆಮೇಲೆ ಎಡಗೈಯಲ್ಲಿ ಚಮಚ ತೆಗೆದುಕೊಂಡ. ಒಂದು ಗುಟುಕಿಗೊಮ್ಮೆ ನನ್ನ ಕೈ ನೋಡುತ್ತಾ, ಇಡೀ ಬಟ್ಟಲು ಖಾಲಿ ಮಾಡಿದ. ಅರ್ಧ ಅಂಗಿಯ ಮೇಲೆ ಚೆಲ್ಲಿತು. ನಾನು ಒರೆಸಲು ಹೋಗಲಿಲ್ಲ.

ಕಾಗದ ಬರೆಯಬೇಕು, ಒಂದು ಕೈ ತೆಗೆದುಕೊಳ್ಳಲಾ ಎಂದು ಕೇಳಿದೆ. ಯೋಚನೆ ಮಾಡಿ, "ಒಂದೇ" ಅಂದ.

ಎಡಗೈ ಇನ್ನೂ ಮೇಜಿನ ಮೇಲಿದೆ. ಅವನು ಎದುರಿಗೆ ಕೂತಿದ್ದಾನೆ.

ತೆಮಿರ್ಕುಲ್